ಬೇಲಿಗೂಟದ ಸಾಕ್ಷಿ

ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ಮೊದಲು ನುಡಿದಾತನು, ಕಳ್ಳರನ್ನೂ ಅವರ ಪರವಾಗಿ ಸಾಕ್ಷಿ ಹೇಳುವವರನ್ನೂ ಹಳಿಯುವ ಭರದಲ್ಲಿ ಒಂದು ನಿರಪರಾಧಿ ಪ್ರಾಣಿಯ ಮತ್ತು ಒಂದು ಮರದ ತುಂಡಿನ ಮಾನವನ್ನು ಕಳೆದನಾದರೂ, ಬೇಲಿಯ ಬಳಿ ಬಹಳ ಹೊತ್ತು ಸುಮ್ಮನೆ ನಿಂತು ನೋಡಿದವನೇ ಆಗಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅಂತಹ ಕಾಲಕ್ಷೇಪ ನನಗೂ ಅಂಟಿಕೊಂಡು ನಲವತ್ತು ವರ್ಷಗಳ ಮೇಲಾಯಿತು. ಮಡಿಕೇರಿಯ ರಸ್ತೆ ಘಟ್ಟವನ್ನೇರಲು ತೊಡಗುವ, ಪಯಸ್ವಿನಿಯು ಕಲ್ಲುಗಳನ್ನು ದಾಟಿ ಸುಳ್ಯದ ಕಡೆಗೆ ಹರಿಯುವ ಈ ಸಂಪಾಜೆಯಲ್ಲಿ ನನ್ನದೊಂದು ಸಣ್ಣ ಅಡಕೆಯ ತೋಟವುಂಟು, ತೋಟಕ್ಕೆ ದಾಸವಾಳ, ಲಕ್ಕಿ, ಗೊಬ್ಬರಗಿಡಗಳ ಹಸಿಬೇಲಿಯುಂಟು, ಬೇಲಿಯಲ್ಲಿ ಓತಿಕ್ಯಾತಗಳುಂಟು.

ಕಳೆದ ಬೇಸಗೆಯ ರಜೆಗೆ ಬೆಂಗಳೂರಿನಿಂದ ಬಂದ ತಮ್ಮನ ಮಗ ಇಳಿದ ಮರುಗಳಿಗೆಗೇ ಕೇಳಿದ: "ದೊಡ್ಡಪ್ಪ, ನಿಮ್ಮ ತೋಟದಲ್ಲಿ ಊಸರವಳ್ಳಿ ಇದೆಯಂತಲ್ಲ, ನನಗೊಂದು ಹಿಡಿದುಕೊಡಿ. ಗೂಡು ಮಾಡಿಸಿ ಸಾಕುತ್ತೇನೆ."

"ಅದು ಇಲ್ಲಿಯದ್ದಲ್ಲ ಮಗಾ," ಎಂದೆ. "ಇಲ್ಲಿ ಇರುವುದು ಓತಿ. ನಿಜವಾದ ಊಸರವಳ್ಳಿ ಸಿಕ್ಕಿದರೂ ಹಿಡಿಯುವ ಹಾಗಿಲ್ಲ."

ಬಣ್ಣ ಬದಲಿಸುವುದೆಲ್ಲವೂ ಊಸರವಳ್ಳಿಯೆಂಬ ಭಾವನೆ ನಮ್ಮ ಜನರಲ್ಲಿ ಗಾಢವಾಗಿದೆ. ಬೇಲಿಯ ಓತಿಯು ಕಾಮೋದ್ರೇಕದಲ್ಲಿ ಕತ್ತನ್ನು ಕೆಂಪೇರಿಸಿಕೊಂಡು ತಲೆಯಾಡಿಸಿದರೆ ಅದನ್ನೂ ಆ ಹೆಸರಿನಿಂದಲೇ ಕರೆದು, ಹುಡುಗರು ಕಲ್ಲೆಸೆಯುತ್ತಾರೆ. ನಿಜವಾದ ಊಸರವಳ್ಳಿ, ಅಂದರೆ ಗೋಸುಂಬೆ, ಬಯಲುಸೀಮೆಯ ಒಣ ಕುರುಚಲಿನ ಜೀವಿ. ಮೈಸೂರಿನ ಮೂಡಣ ಸೀಮೆಯಲ್ಲಿ ಒಮ್ಮೆ ಅದನ್ನು ನೋಡುವ ಭಾಗ್ಯ ನನಗೆ ಒದಗಿತ್ತು: ಒಂದು ಹೆಜ್ಜೆಯನ್ನಿಡುವ ಮುನ್ನ ಎರಡು ಸಲ ಹಿಂದುಮುಂದಕ್ಕೆ ತೂಗಾಡಿ, ಒಂದು ಕಣ್ಣಿನಿಂದ ನನ್ನನ್ನೂ ಮತ್ತೊಂದರಿಂದ ತನ್ನ ಮಿಡತೆಯನ್ನೂ ಏಕಕಾಲದಲ್ಲಿ ಪರೀಕ್ಷಿಸುತ್ತ, ಇಕ್ಕುಳದಂತಹ ಪಾದಗಳಿಂದ ಜಾಲಿಯ ಕೊಂಬೆಯನ್ನು ಕಚ್ಚಿ ಹಿಡಿದಿದ್ದ ಆ ಗಾಂಭೀರ್ಯವನ್ನು ನಾನು ಇನ್ನಾವ ಪ್ರಾಣಿಯಲ್ಲಿಯೂ ಕಂಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಹಿಡಿಯುವುದನ್ನೂ ಸಾಕುವುದನ್ನೂ ನಿಷೇಧಿಸಿರುವುದು ಯುಕ್ತವಾಗಿಯೇ ಇದೆ.

ಹುಡುಗ ಸೋಲಲಿಲ್ಲ. ಪರದೇಶಗಳಲ್ಲಿ ಯೆಮೆನ್ ಮೂಲದ ಊಸರವಳ್ಳಿಗಳನ್ನು ಮನೆಯಲ್ಲಿ ಸಾಕುವವರ ಗೂಡುಗಳನ್ನು ಮೊಬೈಲಿನಲ್ಲಿ ತೋರಿಸಿದ. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಗೂಡು ಅಗಲಕ್ಕಿಂತ ಎತ್ತರವಾಗಿರಬೇಕು. ಗಾಳಿಯಾಡುವ ಜಾಲರಿಯದಾಗಬೇಕಲ್ಲದೆ ಗಾಜಿನದಾಗಕೂಡದು, ಏಕೆಂದರೆ ಗಾಜಿನಲ್ಲಿ ತನ್ನ ಬಿಂಬವನ್ನು ಕಂಡರೆ ಪರಕೀಯನೊಬ್ಬ ಬಂದನೆಂದು ಅದು ಕಳವಳಿಸುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ದೀಪದಿಂದಲಾದರೂ ಒದಗಿಸದಿದ್ದರೆ ಮೂಳೆಗಳು ಮೆತ್ತಗಾಗುತ್ತವೆ. ಒಂದು ಗೂಡಿಗೆ ಒಂದೇ ಜೀವ; ಏಕಾಂತವೇ ಅದರ ಆರೋಗ್ಯ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ವಿಷಯ: ಬಟ್ಟಲಲ್ಲಿ ನಿಂತ ನೀರನ್ನು ಅದು ಸಾಮಾನ್ಯವಾಗಿ ನೀರೆಂದೇ ಗುರುತಿಸುವುದಿಲ್ಲವಂತೆ, ಎಲೆಯ ಮೇಲೆ ತುಂತುರು ಬಿದ್ದು ಹನಿಗಟ್ಟಿದರೆ ಮಾತ್ರ ನೆಕ್ಕುತ್ತದಂತೆ.

ಅದನ್ನೋದಿದಾಗ ಐವತ್ತು ವರ್ಷ ಹಿಂದಿನ ಒಂದು ಗಾಜಿನ ಭರಣಿ ನನ್ನ ಕಣ್ಣೆದುರು ಬಂದಿತು. ಆಗ ನಾನೂ ತಮ್ಮನ ಮಗನಷ್ಟೇ ಎತ್ತರದವನು. ಅಡಕೆ ಕೊಯ್ಯುವಾಗ ಕೆಳಗೆ ಬಿದ್ದ ಹಾರುವ ಓತಿಯೊಂದನ್ನು ಹಿಡಿದು, ಭರಣಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಕುಡಿಯಲೆಂದು ಗೆರಟೆಯ ತುಂಬ ನೀರಿಟ್ಟು, ತಿನ್ನಲೆಂದು ಅನ್ನದ ಅಗುಳುಗಳನ್ನು ಹಾಕಿ, ಲೋಕದಲ್ಲಿ ನನಗಿಂತ ದಯಾಳು ಇಲ್ಲವೆಂದು ಮಲಗಿದೆ. ಮೂರನೆಯ ಬೆಳಗ್ಗೆ ಅದು ಗೆರಟೆಯ ಪಕ್ಕದಲ್ಲಿಯೇ ಸತ್ತು ಒಣಗಿತ್ತು. ಅಪ್ಪ ಒಂದು ಮಾತನ್ನೂ ಆಡದೆ ಭರಣಿಯನ್ನು ತೊಳೆದು ಉಪ್ಪಿನಕಾಯಿಗೆ ಎತ್ತಿಟ್ಟರು. ಆ ವರ್ಷ ಆ ಉಪ್ಪಿನಕಾಯಿ ನನಗೆ ಸೇರಲಿಲ್ಲ.

ಹಾರುವ ಓತಿಯೆಂದೊಡನೆ ಕನ್ನಡಿಗರಿಗೆ ಪೂರ್ಣಚಂದ್ರ ತೇಜಸ್ವಿಯವರ 1980ರ 'ಕರ್ವಾಲೊ' ನೆನಪಾಗುತ್ತದೆ. ಆದುದರಿಂದ ಅದನ್ನು ದುರ್ಗಮಾರಣ್ಯದ ಅಪೂರ್ವ ವಸ್ತುವೆಂದು ಬಗೆದವರೇ ಬಹಳ. ವಸ್ತುತಃ ಅದು ನಮ್ಮ ಅಡಕೆ ತೋಟಗಳ ಒಕ್ಕಲು. ಪಂಡಿತರು ಅದಕ್ಕೆ ಡ್ರೇಕೋ ಡುಸುಮಿಯೇರಿ ಎಂದು ನಾಮಕರಣ ಮಾಡಿದ್ದು 1837ರಲ್ಲಿ. ಅಮರ ಸುಳ್ಯದ ದಂಗೆಯೆದ್ದು ನಮ್ಮ ಹಿರಿಯರು ಮಂಗಳೂರಿಗೆ ನಡೆದದ್ದೂ ಅದೇ ವರ್ಷ. ಇಲ್ಲಿ ಕುಂಪಣಿಯ ಬಾವುಟ ಇಳಿಯುತ್ತಿದ್ದಾಗ ಪ್ಯಾರಿಸಿನಲ್ಲಿ ಇಬ್ಬರು ನಮ್ಮ ತೋಟದ ಓತಿಗೆ ಫ್ರೆಂಚ್ ವರ್ತಕನೊಬ್ಬನ ಹೆಸರನ್ನಿಡುತ್ತಿದ್ದರೆಂಬುದು ನನಗೆ ಯಾವಾಗಲೂ ನಗೆ ತರಿಸುತ್ತದೆ.

ಹುಡುಗನನ್ನು ಮರುದಿನ ತೋಟಕ್ಕೆ ಕರೆದೊಯ್ದೆ. ಒಂಬತ್ತೂವರೆಯ ಬಿಸಿಲು ಸೋಗೆಗಳ ನಡುವಿನಿಂದ ಇಳಿದು ಕಾಂಡಗಳ ಮೇಲೆ ತುಂಡುತುಂಡಾಗಿ ಬೀಳುವ ಆ ಹೊತ್ತಿನಲ್ಲಿ, ಅದುವರೆಗೆ ಕಲೆಗಟ್ಟಿದ ತೊಗಟೆಯೆಂದು ಭ್ರಮಿಸಿದ್ದ ಭಾಗವೊಂದು ಮೆಲ್ಲನೆ ಹೊರಳಿ, ಗಂಟಲ ಕೆಳಗಿನ ನಿಂಬೆಹಳದಿಯ ಪತಾಕೆಯನ್ನು ಒಮ್ಮೆ ಬಿಚ್ಚಿ ಮಡಿಸಿ, ತಲೆಕೆಳಗಾಗಿ ಧುಮುಕಿ, ಉದ್ದನೆಯ ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಗಳಂತೆ ಹರಡಿ ಅವಕ್ಕಂಟಿದ ತೊಗಲನ್ನು ಬಿಗಿಮಾಡಿ, ಸಾಲುಮರಗಳ ಮಧ್ಯೆ ಓರೆಯಾಗಿ ತೇಲಿ, ಇನ್ನೇನು ಬಡಿಯಿತು ಎನ್ನುವಷ್ಟರಲ್ಲಿ ತುಸು ಮೇಲಕ್ಕೆದ್ದು, ಎದುರಿನ ಕಾಂಡವನ್ನು ಅಪ್ಪಿಕೊಂಡು ಮತ್ತೆ ತೊಗಟೆಯಾಗಿಬಿಟ್ಟಿತು. ಹುಡುಗ ಮೊಬೈಲನ್ನು ಕಿಸೆಯಿಂದ ತೆಗೆಯುವುದನ್ನೂ ಮರೆತ.

ಇದನ್ನು ಸಾಕುವುದೆಂದರೆ ಏನು ಮಾಡುತ್ತೀರೆಂದು ಕೇಳಿದ. ಮಾಡುವುದಕ್ಕಿಂತ ಬಿಡುವುದೇ ಹೆಚ್ಚೆಂದು ಹೇಳಬೇಕಾಯಿತು. ಕೊಳೆರೋಗಕ್ಕೆ ಹೆದರುವ ಎಲ್ಲರಂತೆ ನಾನೂ ಮಳೆಗಾಲ ಹಿಡಿಯುವ ಮೊದಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕದಲ್ಲಿ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಸುತ್ತೇನೆ. ಅದನ್ನು ಬಿಟ್ಟರೆ ಊಟವಿಲ್ಲ. ಆದರೆ ಇರುವೆಗಳಿಗೆಂದು ಕಾಂಡದ ಬುಡದಲ್ಲಿ ವಿಷದ ಪುಡಿ ಎರಚುವುದನ್ನು ನಿಲ್ಲಿಸಿ ಬಹಳ ವರ್ಷಗಳಾದವು, ಹಾರುವ ಓತಿಗೆ ಇರುವೆಯೇ ಮುಖ್ಯಾಹಾರವಾದುದರಿಂದ. ಕೆಂಜಿರುವೆ ಕಚ್ಚಿತೆಂದು ಕೆಲಸದವರು ಬಯ್ಯುತ್ತಾರೆ, ಬಯ್ಗುಳವನ್ನು ಕೇಳಿಸಿಕೊಳ್ಳುತ್ತೇನೆ. ಹಸಿಬೇಲಿಯನ್ನು ಕಿತ್ತು ಸಿಮೆಂಟಿನ ಕಂಬ, ಮುಳ್ಳುತಂತಿ ಹಾಕೆಂದು ಬಂಧುಗಳು ಬುದ್ಧಿ ಹೇಳುತ್ತಾರೆ. ದನ ನುಗ್ಗುವ ದಿನಗಳಲ್ಲಿ ನನಗೂ ಅದು ಸರಿಯೆನ್ನಿಸುವುದುಂಟು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದು, ಮಡಿಕೇರಿಯ ರಸ್ತೆ ಮುಚ್ಚಿ, ಹೊಳೆ ಕೆಂಪಾಗಿ ಹರಿದಾಗ ತೋಟವನ್ನೇ ಮರೆತಿದ್ದೆ. ಬಿಸಿಲು ಮರಳಿದ ಬೆಳಗ್ಗೆ ಬಾವಿಯ ಪಕ್ಕದ ಮರದಲ್ಲಿ ಹಳದಿ ಪತಾಕೆಯೊಂದು ಬಿಚ್ಚಿಕೊಂಡದ್ದನ್ನು ಕಂಡು ನಿಂತಲ್ಲೇ ನಿಂತೆ.

ಮರದಲ್ಲೇ ಬಾಳುವ ಈ ಜೀವಿಗಳಲ್ಲಿ ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡುವುದಕ್ಕೆ. ರಜೆ ಮುಗಿಯುವ ಮೊದಲು ಆ ಹುಡುಗನೇ ಬಾವಿಯ ಹತ್ತಿರ ಒಂದು ಹೆಣ್ಣು ಮೂತಿಯಿಂದ ಮಣ್ಣನ್ನು ಒತ್ತಿ ಅಗೆಯುವುದನ್ನು ಮೊದಲು ಕಂಡವನು. ಅದು ಮರವೇರಿ ಹೋದ ಮೇಲೆ, ಗುದ್ದಲಿ ಬೀಳದಿರಲೆಂದು ಇಬ್ಬರೂ ಸೇರಿ ಆ ಮೊಳದಷ್ಟು ನೆಲದ ಸುತ್ತ ಗೊಬ್ಬರಗಿಡದ ನಾಲ್ಕು ಗೂಟಗಳನ್ನು ಊರಿದೆವು. ಅವನು ಬೇಡಿದ ಗೂಡಿಗೆ ಪ್ರತಿಯಾಗಿ ನಾನು ಕಟ್ಟಿಕೊಟ್ಟದ್ದು ಅಷ್ಟೆ. ಪ್ರತಿ ಭಾನುವಾರ ಫೋನು ಮಾಡಿ ಗೂಟಗಳು ಇವೆಯೇ ಎಂದು ವಿಚಾರಿಸುತ್ತಾನೆ.

ನೋಡಬೇಕೆನ್ನುವವರು ಮಳೆಯಿಲ್ಲದ ದಿನಗಳಲ್ಲಿ, ಹತ್ತು ಗಂಟೆಗೆ ಮೊದಲು ಬನ್ನಿ. ಬಾವಿಯ ಬಳಿ ನಡೆಯುವಾಗ ಮಾತ್ರ ಆ ಗೂಟಗಳನ್ನು ದಯಮಾಡಿ ಎಡವಬೇಡಿ.