ಬೀಜಕ್ಕೆಲ್ಲಿಯ ಬೇಸಿಗೆ ರಜೆ

ಗಿಡ ನೆಡುವ ಸುಖದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಫೋಟೊವನ್ನೂ ತೆಗೆಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅಸಲು ಸುಖವಿರುವುದು ಅದಕ್ಕೂ ಮೊದಲು, ಶಾಲೆಯ ಹಿಂದಿನ ನೆರಳಲ್ಲಿ ಮಕ್ಕಳ ಜೊತೆ ಕುಕ್ಕರಗಾಲಲ್ಲಿ ಕೂತು ಕೊಟ್ಟೆಗೆ ಮಣ್ಣು ತುಂಬುವುದರಲ್ಲಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಕಲ್ಲು ಆರಿಸಿ, ಕೊಟ್ಟೆಯ ತಳಕ್ಕೆ ತೂತು ಹಾಕಿ, ತುಂಬಿ, ಎರಡು ಸಲ ನೆಲಕ್ಕೆ ಕುಟ್ಟಿದರೆ ಅದು ತಾನೇ ನೆಟ್ಟಗೆ ಕೂರಬೇಕು. ವಾಲಿತೋ, ಒಳಗೆ ಗಾಳಿ ಉಳಿದಿದೆ ಎಂದರ್ಥ. ಏಳನೇ ಕ್ಲಾಸಿನ ಹುಡುಗಿಯರು ಇದನ್ನು ನನಗಿಂತ ಬೇಗ ಕಂಡುಹಿಡಿಯುತ್ತಾರೆ.

ನಮ್ಮದು ಅಘನಾಶಿನಿ ಸೀಮೆ. ಶಿರಸಿ ಬಳಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ತನಕ ಈ ಹೊಳೆಗೆ ಒಂದೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ತುಂಬಿ ಬಂದರೆ ಬೋಳು ದಂಡೆಯನ್ನು ಕೊರೆದುಕೊಂಡೇ ಹೋಗುತ್ತದೆ. ಅಲ್ಲಿಗೂ ಅಕೇಶಿಯಾ ನೆಟ್ಟು ಹಸಿರು ಮಾಡೋಣ ಎನ್ನುವವರಿಗೆ ದೂರದಿಂದಲೇ ನಮಸ್ಕಾರ. ಬುಡಕ್ಕೆ ನೀರು ನಿಂತರೂ ಸೊರಗದ, ಬೇರು ಹೆಣೆದು ಮಣ್ಣು ಹಿಡಿಯುವ ಜಾತಿ ನಮಗೆ ಬೇಕು: ಹೊಳೆಮತ್ತಿ, ಹೊಂಗೆ, ಹೊಳೆದಾಸವಾಳ, ನೇರಳೆ, ತೀರಾ ನೀರಂಚಿಗೆ ವಾಟೆ. ಗೇಣುದ್ದದ ಸಸಿಯನ್ನು ಮೊದಲ ನೆರೆಯೇ ಕಿತ್ತೊಯ್ಯುವುದರಿಂದ ಒಂದು ವರ್ಷ ಶಾಲೆಯಲ್ಲೇ ಸಾಕಬೇಕು.

ತೊಂದರೆಯೆಂದರೆ, ಈ ಮರಗಳಿಗೆ ಶಾಲೆಯ ವೇಳಾಪಟ್ಟಿ ಗೊತ್ತಿಲ್ಲ. ಹೊಂಗೆಯೂ ಹೊಳೆಮತ್ತಿಯೂ ಕಾಯಿ ಉದುರಿಸುವುದು ಸರಿಯಾಗಿ ಬೇಸಿಗೆ ರಜೆಯಲ್ಲಿ. ಹಾಗಾಗಿ ಅಜ್ಜನ ಮನೆಗೆ ಹೊರಟ ಮಕ್ಕಳ ಕೈಗೆ ಒಂದೊಂದು ಬಟ್ಟೆ ಚೀಲ. ಹೊಳೆಮತ್ತಿಯ ಕಾಯಿಗೆ ಐದು ರೆಕ್ಕೆ, ಕಟ್ಟಿಗೆಯಂಥ ಸಿಪ್ಪೆ. ದಿನಗಟ್ಟಲೆ ನೆನೆಹಾಕದೆ ಅದು ಜಗ್ಗುವುದಿಲ್ಲ. ಹೊಳೆದಾಸವಾಳದ ಬೀಜವೋ ಊದಿದರೆ ಹಾರುವಷ್ಟು ಹಗುರ; ಬಿತ್ತುವ ಹೊತ್ತಿಗೆ ನೆಗಡಿಯಾದವರನ್ನು ದೂರ ಕೂರಿಸಬೇಕು.

ನೇರಳೆಯ ಸಂಭ್ರಮವೇ ಬೇರೆ. ಜೂನಿನಲ್ಲಿ ಶಾಲೆ ಶುರುವಾಗುವಾಗ ಹಣ್ಣು ಉದುರುತ್ತಿರುತ್ತದೆ. ಬೀಜ ಒಣಗಿದರೆ ಸತ್ತಂತೆ. ತಿಂದ ಕೈಯಲ್ಲೇ ಊರಬೇಕು. ಆ ವಾರ ನೋಟ್‌ಬುಕ್ಕು, ಯೂನಿಫಾರ್ಮು, ನಾಲಿಗೆ ಎಲ್ಲಕ್ಕೂ ಒಂದೇ ಬಣ್ಣ. ಮೊಳಕೆ ಕಂಡಮೇಲೆ ಜಗಳ ಶುರು. "ಅಕ್ಕೋರೇ, ನಾ ಹಾಕಿದ್ದು ಒಂದೇ ಬೀಜ. ಇವ ತಂದೂ ನನ್ನ ಕೊಟ್ಟೆಗೇ ಹಾಕಿದ್ದಾನೆ!"

ನೋಡಿದರೆ ಒಂದು ಕೊಟ್ಟೆಯಲ್ಲಿ ಮೂರು ಸಸಿ. ಮೆಲ್ಲಗೆ ಎತ್ತಿ ಮಣ್ಣು ತೊಳೆದೆ. ಬಿರಿದ ಬೀಜವೊಂದೇ, ಅದರೊಳಗಿಂದಲೇ ಮೂರೂ ಕೆಂಪು ಚಿಗುರು ಹೊತ್ತು ಎದ್ದಿದ್ದವು. ನೇರಳೆಯಲ್ಲಿ ಹೀಗಾಗುವುದುಂಟು. ಹುಡುಗ ಪಾರಾದ. ಹುಡುಗಿಯ ತಕರಾರು ಮಾತ್ರ ಮುಗಿಯಲಿಲ್ಲ: ಬೇರೆ ಬೇರೆ ಮಾಡಿ ನೆಟ್ಟರೆ ಮೂರೂ ತನ್ನ ಲೆಕ್ಕಕ್ಕೇ ಬರಬೇಕಂತೆ. ಆಯಿತು ಎಂದೆ. ಬರುವ ಮಳೆಗಾಲಕ್ಕೆ ಅವನ್ನು ದಂಡೆಯ ತನಕ ಹೊರಬೇಕಾದವಳೂ ಅವಳೇ ತಾನೆ.