ಹಿಂದಿನ ಬೆಂಚಿನ ಕನ್ನಡ

1982ರ ಜನವರಿಯಲ್ಲಿ ಆರಂಭವಾದ ಗಿರಣಿ ಕಾರ್ಮಿಕರ ಮುಷ್ಕರದಿಂದ ಪರೇಲಿನ ಅನೇಕ ಚಾಳುಗಳಲ್ಲಿ ಒಲೆ ಹೊತ್ತಿಸುವುದೇ ಕಷ್ಟವಾಗಿದ್ದ ದಿನಗಳವು. ಮರುವರ್ಷ ನಾನು ಹಗಲು ಕನ್ನಡ ಎಂ.ಎ. ಓದುತ್ತ, ಸಂಜೆ ಆ ಪರಿಸರದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹೋಟೆಲುಗಳಲ್ಲಿ ದುಡಿದು ಬರುವ ತುಳುನಾಡಿನ ಹುಡುಗರೇ ತರಗತಿಯಲ್ಲಿ ಹೆಚ್ಚು. ಕೊಂಕಣಿ, ತೆಲುಗು ಮನೆಮಾತಿನವರು ಕೆಲವರು. ಕಲಬುರ್ಗಿ ಕಡೆಯಿಂದ ಬಂದ ಗಿರಣಿ ಕಾರ್ಮಿಕರೊಬ್ಬರ ಮಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ.

ಅಂದಿನ ಪಾಠ ವರ್ಣಭೇದವನ್ನು ಕುರಿತದ್ದು. 1893ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಗೆ ಏನಾಯಿತು ಎಂದು ಕೇಳಿದೆ. ಆ ಹುಡುಗ ಉತ್ಸಾಹದಿಂದ ಎದ್ದು, "ಗಾಂಧೀಜಿಗಿ ಗಾಡಿಯಿಂದ ಕೆಳಗ ದಬ್ಬ್ಯಾರ್ರಿ ಸರ" ಎಂದ. ಉತ್ತರ ಸರಿಯಾಗಿತ್ತು. ನಾನು ಮಾತ್ರ, "ಇದು ಯಾವ ಕನ್ನಡವಯ್ಯಾ? ಶುದ್ಧವಾಗಿ ಹೇಳು" ಎಂದೆ. ತರಗತಿ ನಕ್ಕಿತು. ಅವನು ಕುಳಿತ, ಮತ್ತೆ ಹಲವು ದಿನ ಬಾಯಿ ತೆರೆಯಲಿಲ್ಲ.

ಆ ಮೌನ ನನಗೆ ಅಪರಿಚಿತವಾಗಿರಲಿಲ್ಲ. 1966ರಲ್ಲಿ ಶಿವಸೇನೆ ಸ್ಥಾಪನೆಯಾದ ಬಳಿಕ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗು ಶಾಲೆಯ ಅಂಗಳಕ್ಕೂ ಬಂದಿತ್ತು. ಹನ್ನೆರಡರ ಬಾಲಕನಾಗಿದ್ದ ನನ್ನ ಮರಾಠಿ ಉಚ್ಚಾರವನ್ನು ಅಣಕಿಸಿ 'ಮದರಾಸಿ' ಎಂದು ಕರೆದಾಗ, ಉತ್ತರ ಗೊತ್ತಿದ್ದರೂ ನಾನು ಕೈಯೆತ್ತುತ್ತಿರಲಿಲ್ಲ. ಹಾಗೆ ನೊಂದವನೇ ಈಗ ನೋಯಿಸುವವನಾಗಿದ್ದೆ. ಇಡೀ ತರಗತಿಯಲ್ಲಿ ಕನ್ನಡ ಮನೆಮಾತಾಗಿದ್ದುದು ಅವನೊಬ್ಬನಿಗೇ ಎಂಬುದು ಆಗ ನನಗೆ ಹೊಳೆಯಲೂ ಇಲ್ಲ. ಕನ್ನಡದ ಒಳಭೇದಗಳನ್ನು ಒಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ 'ಕವಿರಾಜಮಾರ್ಗ'ವನ್ನು ನಾನು ಪರೀಕ್ಷೆಗಾಗಿ ಓದುತ್ತಿದ್ದುದೂ ಅದೇ ವರ್ಷ!

ರಾಜಗೃಹಕ್ಕೆ ಹೋಗುವ ಮೊದಲು ಅಂಬೇಡ್ಕರರು ಅನೇಕ ವರ್ಷ ವಾಸವಾಗಿದ್ದುದು ಇದೇ ಪರೇಲಿನ ಚಾಳಿನಲ್ಲಿ. ಸಾತಾರದ ಶಾಲೆಯಲ್ಲಿ ಬೇರೆಯಾಗಿ ಗೋಣಿಯ ಮೇಲೆ ಕುಳಿತು ಕಲಿತುದನ್ನು ಅವರು ಬರೆದಿಟ್ಟಿದ್ದಾರೆ. ಆ ಅವಮಾನದ ಆಳವೇ ಬೇರೆ. ಇದನ್ನು ಅದಕ್ಕೆ ಸಮವೆನ್ನಲಾರೆ. ಆದರೆ ಮಗುವನ್ನು ಬೇರೆಯಾಗಿ ಕೂಡಿಸಲು ಗೋಣಿಯೇ ಬೇಕಿಲ್ಲ, ಅಧ್ಯಾಪಕನ ಒಂದು ಮಾತೂ ಸಾಕು ಎಂಬುದನ್ನು ನಾನು ನನ್ನಿಂದಲೇ ಕಲಿತೆ.

ಒಂದು ಸಂಜೆ ಕರಿಹಲಗೆಯ ಮೇಲೆ 'ಮನೆ' ಎಂದು ಬರೆದು, ನಿಮ್ಮ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. ಇಲ್ಲ್, ಘರ್, ಇಲ್ಲು ಎಂದು ಒಂದೊಂದಾಗಿ ಬಂದವು. ಕೊನೆಗೆ ಹಿಂದಿನಿಂದ ಮೆಲ್ಲನೆ, "ಮನಿ" ಎಂಬ ದನಿ ಕೇಳಿತು. ಅದನ್ನೂ ಬರೆದೆ. ಅಂದಿನ ನನ್ನ ಮಾತು ತಪ್ಪೆಂದು ಎಲ್ಲರೆದುರು ಹೇಳಿದೆ. ಈ ಬಾರಿ ಯಾರೂ ನಗಲಿಲ್ಲ.

ಗಿರಣಿಯ ಕೆಲಸ ಮರಳಿ ಸಿಗದೆ ಆ ಕುಟುಂಬ ವರ್ಷಾಂತ್ಯಕ್ಕೆ ಊರಿಗೆ ಹೋಯಿತು. ಅವನು ಓದು ಮುಂದುವರಿಸಿದನೋ ಇಲ್ಲವೋ ತಿಳಿಯದು. ನಾನು ಮುಂದೆ ಎಷ್ಟೋ ತರಗತಿಗಳಲ್ಲಿ ವ್ಯಾಕರಣ ಕಲಿಸಿದೆ, ತಪ್ಪುಗಳನ್ನು ತಿದ್ದಿದೆ. ಆದರೆ ಉತ್ತರ ಹೇಳಲೆಂದು ಎದ್ದುನಿಂತ ಮಗುವಿನ ಮಾತನ್ನು ಮೊದಲು ಪೂರ್ತಿಯಾಗಿ ಕೇಳಿಸಿಕೊಂಡೆ.