ಅಣ್ಣನ ಪ್ರಶ್ನೆ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೂ ಮೆದುಳಿನ ನರಗಳಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಆ ನಂಟನ್ನು ತಂದವನು ನನ್ನ ಅಣ್ಣ.

ಅಣ್ಣ ತೋಟದ ಮನುಷ್ಯ. ಹಿಂದೊಮ್ಮೆ ಕತ್ತಿ ತಗುಲಿ ಅವನ ಬೆರಳಿನ ನರ ಕಡಿದಿತ್ತು. ಡಾಕ್ಟರು ಹೊಲಿದರು, ವರ್ಷದೊಳಗೆ ಬೆರಳಿಗೆ ಮುಟ್ಟಿದ್ದು ತಿಳಿಯತೊಡಗಿತು. 2015ರಲ್ಲಿ, ದೀಪಾವಳಿ ಕಳೆದ ವಾರ, ಕೊನೆಗಾರ ಬರಲಿಲ್ಲವೆಂದು ತಾನೇ ಅಡಿಕೆ ಮರ ಹತ್ತಿದವನು ಜಾರಿ ಬಿದ್ದ. ಪೆಟ್ಟು ಬೆನ್ನುಹುರಿಗೆ. ಸೊಂಟದಿಂದ ಕೆಳಗೆ ಅಂದು ನಿಂತ ಚಲನೆ ಮತ್ತೆ ಬರಲಿಲ್ಲ.

ಒಂದು ಸಂಜೆ ಜಗುಲಿಯಲ್ಲಿ ಕೇಳಿದ: “ನೀನು ಎಂ.ಎ. ಮಾಡಿದವ. ಬೆರಳಿನ ನರ ಕೂಡಿತು. ಬೆನ್ನಿನದು ಯಾಕೆ ಕೂಡಲಿಲ್ಲ, ಹೇಳು ನೋಡುವ.”

ನನ್ನ ಎಂ.ಎ.ಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ವಿಜ್ಞಾನದ ಮಿತ್ರರ ಬೆನ್ನುಹತ್ತಿ, ಅವರು ಕೊಟ್ಟದ್ದನ್ನು ಓದಿ, ತಕ್ಕಮಟ್ಟಿಗೆ ತಿಳಿದುಕೊಂಡೆ.

ತಂತಿಗೆ ರಬ್ಬರು ಸುತ್ತಿದ ಹಾಗೆ ನರತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಅದಿಲ್ಲದ ಸಣ್ಣ ತಂತುವಿನಲ್ಲಿ ಸುದ್ದಿ ನಮ್ಮ ನಡಿಗೆಯ ವೇಗದಲ್ಲಿ ಸಾಗಿದರೆ, ಹೊದಿಕೆಯುಳ್ಳ ದಪ್ಪ ತಂತುವಿನಲ್ಲಿ ಸೆಕೆಂಡಿಗೆ 100 ಮೀಟರು ಓಡಬಲ್ಲದು. ಹುಟ್ಟುವ ಮುನ್ನವೇ ಮೊದಲಾಗುವ ಈ ಹೊದಿಸುವ ಕೆಲಸ ಮೆದುಳಿನ ಮುಂಭಾಗದಲ್ಲಿ ಇಪ್ಪತ್ತು ವರ್ಷ ದಾಟಿದರೂ ನಡೆಯುತ್ತಿರುತ್ತದೆ.

1981ರಲ್ಲಿ ಮಾಂಟ್ರಿಯಲ್‌ನ ಡೇವಿಡ್ ಮತ್ತು ಅಗ್ವಾಯೊ ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೆ ಕಸಿಮಾಡಿದರು. ಬೆಳೆಯವು ಎಂದುಕೊಂಡಿದ್ದ ತಂತುಗಳು ಆ ತುಂಡಿನೊಳಗೆ ಉದ್ದಕ್ಕೆ ಬೆಳೆದವು! ದೋಷ ಬೀಜದ್ದಲ್ಲ, ನೆಲದ್ದು. 1988ರಲ್ಲಿ ಜೂರಿಕ್‌ನ ಕರೋನಿ ಮತ್ತು ಶ್ವಾಬ್, ಮೆದುಳು-ಬೆನ್ನುಹುರಿಗಳ ಮಯಲಿನ್‌ನಲ್ಲೇ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳಿವೆಯೆಂದು ತೋರಿಸಿದರು. ಅವುಗಳಲ್ಲೊಂದರ ಜೀನು 2000ದಲ್ಲಿ ಸಿಕ್ಕಿತು. ಹೆಸರು ‘ನೋಗೋ’, ಮುಂದೆ ಹೋಗಬೇಡವೆಂದು ಅರ್ಥ. ಮ್ಯಾಗ್ ಎಂಬ ಇನ್ನೊಂದರ ನಡತೆ ಮತ್ತೂ ವಿಚಿತ್ರ: ಎಳೆಯ ನರವನ್ನು ಬೆಳೆಸುತ್ತದೆ, ಬಲಿತದ್ದನ್ನು ತಡೆಯುತ್ತದೆ. ಬೆರಳಿನಲ್ಲಾದರೋ ಕಡಿದ ನರದ ಹಳೆಯ ಮಯಲಿನ್ನನ್ನು ಜೀವಕೋಶಗಳು ಬೇಗ ಗುಡಿಸಿ ಹಾಕುತ್ತವೆ. ಹೊಸ ತಂತು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ದಾರಿ ಹಿಡಿಯುತ್ತದೆ. ಬೆನ್ನುಹುರಿಯಲ್ಲಿ ಆ ಕಸ ಬಹುಕಾಲ ಬಿದ್ದಿರುತ್ತದೆ.

ಇಷ್ಟನ್ನು ಅಣ್ಣನಿಗೆ ಹೇಳಿದೆ. “ಇಂಥ ಬೇಲಿ ದೇಹ ಯಾಕೆ ಹಾಕಿಕೊಂಡಿತು?” ಎಂದ. ಎಳೆತನದಲ್ಲಿ ಕೂಡಿಸಿಟ್ಟ ದಾರಿಗಳು ಆಮೇಲೆ ಕಲಸಿಹೋಗದಿರಲಿ ಎಂದಿರಬೇಕು, ಎಂದೆ. ತೋಟದವನಿಗೆ ಬೇಲಿಯ ಮಾತು ಬೇಗ ಹಿಡಿಸಿತು.

“ಅದನ್ನು ತೆಗೆಯುವ ಔಷಧಿ?”

ನೋಗೋವನ್ನು ಅಡಗಿಸುವ ಮದ್ದನ್ನು ಯೂರೋಪಿನಲ್ಲಿ ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾದವರ ಮೇಲೆ ಪರೀಕ್ಷಿಸಿದ್ದಾರೆ. ಒಟ್ಟಿನಲ್ಲಿ ಗೆಲುವು ಸಿಗಲಿಲ್ಲ. ಹುರಿ ಪೂರ್ತಿ ಕೆಡದ ಕೆಲವರಲ್ಲಿ ಲಾಭದ ಸುಳಿವಿದೆ. ಅದನ್ನೂ ಕೊಟ್ಟದ್ದು ಪೆಟ್ಟಾದ ಮೊದಲ ನಾಲ್ಕು ವಾರಗಳೊಳಗೆ. ಮುಚ್ಚಿಡಲು ಮನಸ್ಸಾಯಿತು, ಆದರೂ ಹೇಳಿದೆ.

ಅಣ್ಣ ಬಹಳ ಹೊತ್ತು ತೋಟದ ಕಡೆ ನೋಡಿದ. “ಹಾಗಾದರೆ ನಾನು ಮನಸ್ಸು ಗಟ್ಟಿಮಾಡದ್ದರಿಂದ ಅಲ್ಲ?”

“ಅಲ್ಲ, ಅಣ್ಣ.”

‘ಮನಸ್ಸು ಮಾಡಿದರೆ ಎದ್ದು ನಡೆದೀಯ’ ಎಂದು ಬಂದವರೆಲ್ಲ ಹೇಳಿಹೋಗುತ್ತಿದ್ದರು, ನಾನೂ ಹೇಳಿದ್ದೆ. ಅದನ್ನು ನಂಬಿ ಅವನು ಇಷ್ಟು ವರ್ಷ ತನ್ನನ್ನೇ ಬೈದುಕೊಳ್ಳುತ್ತಿದ್ದನೆಂದು ಆ ಸಂಜೆಯವರೆಗೆ ನನಗೆ ತಿಳಿದಿರಲಿಲ್ಲ.